ಒಂದೇ ಥರ ಕಾಣುವ ಇಂಗ್ಲಿಷ್ ಪದಗಳು: ಬೇರು ಹಿಡಿದು ಬೇರೆ ಮಾಡುವುದು ಹೇಗೆ?

ಹೋದ ವರ್ಷ ಒಂದು ಆರತಕ್ಷತೆಗೆ ಹೋಗಿದ್ದೆ. ಊಟದ ಸಾಲಿನ ಕೊನೆಯಲ್ಲಿ ಜಾಮೂನು, ಐಸ್‌ಕ್ರೀಮ್ ಇಟ್ಟ ಮೇಜು. ಅದರ ಮೇಲೊಂದು ಚೆಂದದ ಇಂಗ್ಲಿಷ್ ಬೋರ್ಡು. ಊಟದ ನಂತರದ ಸಿಹಿಗೆ ಹೇಳುವ 'ಡಿಸರ್ಟ್' ಪದದಲ್ಲಿ ಒಂದು ಎಸ್ ಬಿಟ್ಟುಹೋಗಿತ್ತು. ಬೋರ್ಡಿನ ಪ್ರಕಾರ ನಾವೆಲ್ಲ ಮರಳುಗಾಡು ತಿನ್ನೋಕೆ ಕ್ಯೂ ನಿಂತಿದ್ದೆವು. ಫೋಟೋ ತೆಗೆದು ನಕ್ಕೆ. ಮನೆಗೆ ಬಂದು ಹಳೆಯ ಈಮೇಲ್ ಒಂದನ್ನು ತೆರೆದಾಗ ನಗು ನಿಂತಿತು. 'ಈ ವಿಷಯ ಗುಟ್ಟಾಗಿರಲಿ' ಎನ್ನಲು ನಾನು ಬರೆದಿದ್ದ 'ಡಿಸ್ಕ್ರೀಟ್' ತಪ್ಪಾಗಿತ್ತು. ನಾನು ಬರೆದ ಕಾಗುಣಿತಕ್ಕೆ 'ಈ ವಿಷಯ ಬಿಡಿಬಿಡಿಯಾಗಿರಲಿ' ಎಂಬ ಅರ್ಥ.

ಇಂಥ ಜೋಡಿಗಳನ್ನು ನೆನಪಿಡಲು ಶಾಲೆಯಲ್ಲಿ ಕೆಲವು ಉಪಾಯ ಹೇಳಿಕೊಡುತ್ತಾರೆ. 'ಸಿಹಿಯನ್ನು ಎರಡನೇ ಸಲ ಕೇಳ್ತೀವಿ, ಅದಕ್ಕೆ ಎರಡು ಎಸ್' ಅನ್ನುವ ಥರದ್ದು. ಪರೀಕ್ಷೆಗೆ ಸಾಕು. ಆದರೆ ನೂರು ಜೋಡಿಗೆ ನೂರು ಉಪಾಯ ನೆನಪಿಡಬೇಕಾದರೆ ಉಪಾಯಗಳೇ ಕಲಸಿಹೋಗುತ್ತವೆ. ಪದ ಎಲ್ಲಿಂದ ಬಂತು ಎಂದು ಒಮ್ಮೆ ಗೊತ್ತಾದರೆ ಕಾಗುಣಿತ ತಾನಾಗಿ ಉಳಿಯುತ್ತದೆ. ಮೂಲ ಹುಡುಕುವ ಈ ಕೆಲಸದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂದೆ ಏನೂ ಇಲ್ಲ. ತತ್ಸಮ–ತದ್ಭವ ಬಾಯಿಪಾಠ ಮಾಡಿದ್ದೇವಲ್ಲ, ಅರ್ಧ ಕೆಲಸ ಅಲ್ಲೇ ಆಗಿದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 1: ಪದವನ್ನು ಅಕ್ಷರ ಬಿಡಿಸಿ ಬರೆಯಿರಿ

ಕನ್ನಡ ಲಿಪಿ ಉಚ್ಚಾರವನ್ನು ಹಿಡಿಯುತ್ತದೆ, ಇಂಗ್ಲಿಷ್ ಕಾಗುಣಿತವನ್ನು ಹಿಡಿಯುವುದಿಲ್ಲ. ಅಂಗಡಿ ಮುಂದೆ 'ಸ್ಟೇಷನರಿ' ಅಂತ ಕನ್ನಡದಲ್ಲಿ ಬರೆದರೆ ಯಾವತ್ತೂ ತಪ್ಪಾಗುವುದಿಲ್ಲ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯಲ್ಲಿ ಎ-ಆರ್-ವೈ ಹಾಕಬೇಕೋ, ಇ-ಆರ್-ವೈ ಹಾಕಬೇಕೋ ಎಂಬ ಫಜೀತಿ ಶುರುವಾಗುತ್ತದೆ. ಆದ್ದರಿಂದ ಎರಡೂ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಒಂದರ ಕೆಳಗೊಂದು ಬರೆಯಿರಿ. ಬೇರೆಯಾಗಿರುವ ಅಕ್ಷರಕ್ಕೆ ಸುತ್ತು ಹಾಕಿ. ಆ ಸುತ್ತಿನೊಳಗೇ ಕತೆ ಇರುತ್ತದೆ.

ಸ್ಟೇಷನರಿಯನ್ನೇ ನೋಡಿ. ಎರಡೂ ಒಂದೇ ಲ್ಯಾಟಿನ್ ಪದದಿಂದ ಬಂದವು. ಅದರ ಅರ್ಥ 'ಒಂದೆಡೆ ನಿಂತದ್ದು'. ಮಧ್ಯಯುಗದ ಯುರೋಪಿನಲ್ಲಿ ಬಹಳಷ್ಟು ವ್ಯಾಪಾರಿಗಳು ಊರೂರು ತಿರುಗಿ ಮಾರುತ್ತಿದ್ದರು. ಪುಸ್ತಕ ಮಾರುವವರು ವಿಶ್ವವಿದ್ಯಾಲಯಗಳ ಹತ್ತಿರ ಒಂದೇ ಕಡೆ ಅಂಗಡಿ ಇಟ್ಟುಕೊಂಡರು. ಅದಕ್ಕೆ ಅವರಿಗೆ 'ಸ್ಟೇಷನರ್' ಅಂದರು. ಲಂಡನ್ನಿನಲ್ಲಿ 1403ರಲ್ಲೇ ಇವರ ಸಂಘ ಹುಟ್ಟಿತು, 1557ರಲ್ಲಿ ರಾಜಮುದ್ರೆಯ ಸನ್ನದೂ ಸಿಕ್ಕಿತು. ಬೇಕರ್ ಕೆಲಸ ಮಾಡುವ ಜಾಗ ಬೇಕರಿ. ಹಾಗೇ ಸ್ಟೇಷನರ್ ಮಾರುವ ಸಾಮಾನು ಸ್ಟೇಷನರಿ. ಬೇಕರಿಯಲ್ಲಿ ಇರುವ ಇ-ಆರ್ ಇಲ್ಲೂ ಇದೆ. ನಿಂತ ಬಸ್ಸಿಗೆ ಹೇಳುವ ಸ್ಟೇಷನರಿಗೆ ಮಾತ್ರ ಎ-ಆರ್. ಇನ್ನು ಮರೆಯೋಕಾಗುತ್ತಾ?

ಹೆಜ್ಜೆ 2: ಇವರು ಅಣ್ಣತಮ್ಮಂದಿರೋ, ಅಪರಿಚಿತರೋ, ವೇಷಧಾರಿಗಳೋ?

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ ಇದು. ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಕನ್ನಡದ 'ಕರಿ' ಪದ ನೆನಪಿಸಿಕೊಳ್ಳಿ. ಕರಿ ಬೆಕ್ಕಿನ ಕರಿ, ಬೋಂಡ ಕರಿಯುವ ಕರಿ, ಹಳಗನ್ನಡ ಪದ್ಯದಲ್ಲಿ ಬರುವ ಆನೆಯೆಂಬ ಕರಿ. ಕೊನೆಯದು ಸಂಸ್ಕೃತದಿಂದ ಬಂದದ್ದು. ಸೊಂಡಿಲು ಅಂದರೆ ಕರ, ಅದು ಇರುವುದು ಕರಿ. ಬೆಕ್ಕಿಗೂ ಆನೆಗೂ ನೆಂಟಸ್ತಿಕೆ ಇಲ್ಲ. ನಾವು ಇವನ್ನು ಕಲಸಿಕೊಳ್ಳುವುದೂ ಇಲ್ಲ. ಇಂಗ್ಲಿಷಿನಲ್ಲೂ ಹೀಗೇ ಅಂದುಕೊಂಡು ಮೂರು ಗುಂಪು ಮಾಡಿ.

ಮೊದಲನೆಯದು ಅಣ್ಣತಮ್ಮಂದಿರ ಗುಂಪು. ಹಿಟ್ಟಿಗೆ ಹೇಳುವ ಫ್ಲೋರ್, ಹೂವಿಗೆ ಹೇಳುವ ಫ್ಲವರ್ ಮೂಲದಲ್ಲಿ ಒಂದೇ ಪದ. ಕಾಳು ಬೀಸಿದಾಗ ಬರುವ ಅತಿ ನುಣ್ಣನೆಯ ಭಾಗಕ್ಕೆ ಫ್ರೆಂಚರು 'ಹಿಟ್ಟಿನ ಹೂವು' ಅನ್ನುತ್ತಿದ್ದರು. ಇಂಗ್ಲಿಷಿನಲ್ಲಿ 18ನೇ ಶತಮಾನದಲ್ಲೂ ಹಿಟ್ಟನ್ನು ಹೂವಿನ ಕಾಗುಣಿತದಲ್ಲೇ ಬರೆಯುವವರಿದ್ದರು. ಎರಡೂ ಪೂರ್ತಿ ಬೇರೆಯಾದದ್ದು 19ನೇ ಶತಮಾನದಲ್ಲಿ. ನಮ್ಮ ಕಡೆ ಯಾರಾದರೂ ಹಿಟ್ಟಿನ ಗಿರಣಿ ಮುಂದೆ 'ಹೂವಿನ ಮಿಲ್' ಅಂತ ಇಂಗ್ಲಿಷ್ ಬೋರ್ಡು ಹಾಕಿದರೆ ಬೈಯಬೇಡಿ. ಸುಮಾರು 200 ವರ್ಷ ತಡವಾಗಿದ್ದಾರೆ, ಅಷ್ಟೇ.

'ಕ್ಯಾನ್ವಾಸ್' ಕೂಡ ಇದೇ ಗುಂಪು. ಒಂದು ಎಸ್ ಇದ್ದರೆ ದಪ್ಪ ಬಟ್ಟೆ, ಎರಡು ಇದ್ದರೆ ಮತ ಕೇಳುವುದು. ಲ್ಯಾಟಿನ್ನಿನಲ್ಲಿ ಸೆಣಬಿನ ಜಾತಿಯ ಗಿಡವೊಂದರ ಹೆಸರು ಕ್ಯಾನಬಿಸ್, ಅಂದರೆ ಗಾಂಜಾ ಗಿಡದ ಕುಟುಂಬವೇ. ಅದರ ನಾರಿನಿಂದ ನೇಯ್ದ ಬಟ್ಟೆ ಕ್ಯಾನ್ವಾಸ್. 16ನೇ ಶತಮಾನದಲ್ಲಿ ಒಬ್ಬನನ್ನು ಆ ಬಟ್ಟೆಯಲ್ಲಿ ಹಾಕಿ ಮೇಲಕ್ಕೆ ಎಸೆದು ಕುಲುಕುವುದಕ್ಕೆ ಕ್ಯಾನ್ವಾಸ್ ಮಾಡುವುದು ಅನ್ನುತ್ತಿದ್ದರು. ಆಮೇಲೆ ಒಂದು ವಿಷಯವನ್ನು ಕುಲುಕಿ ನೋಡುವುದು, ಚರ್ಚಿಸುವುದು ಎಂಬ ಅರ್ಥ ಬಂತು. ಕೊನೆಗೆ ಮನೆಮನೆಗೆ ಹೋಗಿ ಮತ ಕೇಳುವುದು. ಚುನಾವಣೆ ಬಂದಾಗ ನಮ್ಮ ಹಳ್ಳಿಗಳಲ್ಲೂ 'ಕ್ಯಾನ್ವಾಸ್ ಮಾಡ್ತಿದಾರೆ' ಅನ್ನುತ್ತೇವೆ. ಕುಲುಕುವ ಅರ್ಥ ಪೂರ್ತಿ ಹೋಗಿಲ್ಲ ಅನಿಸುತ್ತದೆ.

ಎರಡನೆಯದು ಅಪರಿಚಿತರ ಗುಂಪು. ಬರೆಯುವ ಪೆನ್ ಲ್ಯಾಟಿನ್ನಿನ 'ಪೆನ್ನ'ದಿಂದ ಬಂತು, ಅಂದರೆ ಹಕ್ಕಿಯ ಗರಿ. ಕುರಿ ಕೂಡುವ ದೊಡ್ಡಿಗೂ ಪೆನ್ ಅನ್ನುತ್ತಾರೆ, ಅದು ಹಳೆಯ ಇಂಗ್ಲಿಷ್ ಪದ. ಪೆನ್ಸಿಲ್ ಈ ಎರಡಕ್ಕೂ ಸೇರುವುದಿಲ್ಲ. ಲ್ಯಾಟಿನ್ನಿನಲ್ಲಿ 'ಪೆನಿಸಿಲಸ್' ಅಂದರೆ ಪುಟ್ಟ ಬಾಲ, ಅದರಿಂದ ಚಿತ್ರ ಬರೆಯುವ ಕುಂಚಕ್ಕೆ ಆ ಹೆಸರು. ಪೆನ್ಸಿಲ್ ಮೊದಲು ಕುಂಚವೇ ಆಗಿತ್ತು. ಸೂಕ್ಷ್ಮದರ್ಶಕದಲ್ಲಿ ಕುಂಚದ ಥರ ಕಂಡ ಒಂದು ಬೂಸಲಿಗೂ ಅದೇ ಹೆಸರಿಟ್ಟರು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಆ ಬೂಸಲಿನಲ್ಲಿ ಕಂಡ ಔಷಧದ ಗುಣವೇ ಪೆನಿಸಿಲಿನ್. ಹೀಗೆ ಪೆನ್ಸಿಲ್‌ಗೆ ಪೆನ್ನು ನೆಂಟನಲ್ಲ, ಪೆನಿಸಿಲಿನ್ ನೆಂಟ!

'ಕಾಟ್' ಕೂಡ ಹೀಗೇ. ಮಲಗುವ ಕಾಟ್ ಹಿಂದಿಯ 'ಖಾಟ್'ನಿಂದ ಇಂಗ್ಲಿಷಿಗೆ ಹೋದದ್ದು. ಕಾಟೇಜ್ ಪದದೊಳಗಿನ ಕಾಟ್ ಮಾತ್ರ ಅಲ್ಲಿಯದೇ ಹಳೆಯ ಗುಡಿಸಲು.

ಅಪರಿಚಿತರಲ್ಲಿ ಮಜವಾದದ್ದು 'ಲೆಟ್'. ನಿಮ್ಮ ಭಾರತೀಯ ಪಾಸ್‌ಪೋರ್ಟ್ ತೆಗೆದು ನೋಡಿ. ರಾಷ್ಟ್ರಪತಿಗಳ ಹೆಸರಿನಲ್ಲಿ ಒಂದು ಕೋರಿಕೆ ಇರುತ್ತದೆ: ಇದನ್ನು ಹಿಡಿದವರನ್ನು 'ಲೆಟ್ ಆರ್ ಹಿಂಡ್ರನ್ಸ್' ಇಲ್ಲದೆ ಹೋಗಲು ಬಿಡಿ, ಅಂತ. ಲೆಟ್ ಅಂದರೆ 'ಬಿಡು' ಅಲ್ವಾ? 'ಬಿಡದೆ ಬಿಡಿ' ಅಂದರೇನು? ಇದು ಬೇರೆ ಲೆಟ್. ಹಳೆಯ ಇಂಗ್ಲಿಷಿನಲ್ಲಿ 'ಲೆಟ್ಟನ್' ಅಂದರೆ ತಡೆ, ಅದು ಲೇಟ್ ಪದದ ನೆಂಟ, ತಡಮಾಡಿಸುವುದು. 'ಬಿಡು' ಎಂಬ ಲೆಟ್ ಹುಟ್ಟಿದ್ದು ಇನ್ನೊಂದು ಕ್ರಿಯಾಪದದಿಂದ. ಕಾಲ ಹೋದಂತೆ ಎರಡರ ರೂಪ ಒಂದಾಯಿತು, ಅರ್ಥ ತಿರುವುಮುರುವಾಗಿ ಉಳಿಯಿತು. ಟೆನಿಸ್‌ನಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ ಬಿದ್ದಾಗ ಕೂಗುವ 'ಲೆಟ್' ಕೂಡ ಈ ತಡೆಯೇ.

ಮೂರನೆಯ ಗುಂಪು ವೇಷಧಾರಿಗಳದ್ದು. ಇವರು ಹುಟ್ಟಿನಲ್ಲಿ ನೆಂಟರಲ್ಲ. ಪಕ್ಕದ ಪದ ನೋಡಿ ಅದರ ಅಂಗಿ ಹಾಕಿಕೊಂಡವರು. ಫೀಮೇಲ್ ಪದದೊಳಗೆ ಮೇಲ್ ಇದೆ ಅನಿಸುತ್ತದೆ. ಇಲ್ಲ. ಲ್ಯಾಟಿನ್ನಿನ 'ಫೆಮಿನ' ಅಂದರೆ ಹೆಂಗಸು, 'ಫೆಮೆಲ್ಲ' ಅದರ ಪುಟ್ಟ ರೂಪ. ಅದು ಫ್ರೆಂಚಿನ ಮೂಲಕ 'ಫೆಮೆಲ್' ಆಗಿ ಇಂಗ್ಲಿಷಿಗೆ ಬಂತು. ಮೇಲ್ ಬಂದದ್ದು 'ಮಾಸ್ಕುಲಸ್'ನಿಂದ. 14ನೇ ಶತಮಾನದ ಹೊತ್ತಿಗೆ ಜನ ಎರಡನ್ನೂ ಜೋಡಿಯಾಗಿ ಹೇಳಿ ಹೇಳಿ ಫೆಮೆಲ್‌ನ ಬಾಲವನ್ನು ಮೇಲ್ ಮಾಡಿಬಿಟ್ಟರು.

'ಐಲ್ಯಾಂಡ್' ಪದದಲ್ಲಿ ಎಸ್ ಯಾಕೆ ಉಚ್ಚಾರವಾಗುವುದಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಉತ್ತರ ಸರಳ: ಅದು ಅಲ್ಲಿ ಇರಲೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಈಗ್' ಅಂದರೇ ದ್ವೀಪ, ಅದಕ್ಕೆ ಲ್ಯಾಂಡ್ ಸೇರಿತು. ಲ್ಯಾಟಿನ್ನಿನ 'ಇನ್ಸುಲ'ದಿಂದ ಬಂದ 'ಐಲ್' ಎಂಬ ಇನ್ನೊಂದು ಪದಕ್ಕೆ ಎಸ್ ಇತ್ತು. ಅದನ್ನು ನೋಡಿ ಇದಕ್ಕೂ ಎಸ್ ಅಂಟಿಸಿದರು. ಅಂಟುರೋಗ ಅಲ್ಲಿಗೇ ನಿಲ್ಲಲಿಲ್ಲ. ಸೀಟುಗಳ ನಡುವಿನ ದಾರಿಗೆ ಹೇಳುವ, ಎ ಯಿಂದ ಶುರುವಾಗುವ 'ಐಲ್' ಇದೆಯಲ್ಲ, ಅದರ ಮೂಲ ಲ್ಯಾಟಿನ್ನಿನ 'ಆಲ', ಅಂದರೆ ರೆಕ್ಕೆ. ಚರ್ಚಿನ ಎರಡು ಪಕ್ಕದ ಭಾಗಗಳಿಗೆ ಆ ಹೆಸರಿತ್ತು. ಅದಕ್ಕೂ ದ್ವೀಪದ ಎಸ್ ಬಂತು. ವಿಮಾನದಲ್ಲಿ ಐಲ್ ಸೀಟು ಕೇಳುವವರು ಪದದ ಲೆಕ್ಕದಲ್ಲಿ ರೆಕ್ಕೆಯ ಪಕ್ಕದ ಸೀಟು ಕೇಳುತ್ತಿದ್ದಾರೆ!

ಇನ್ನೊಬ್ಬ ವೇಷಧಾರಿ ಬೆಣ್ಣೆ ಹಚ್ಚುವುದಕ್ಕೆ ಹೇಳುವ 'ಕರಿ ಫೇವರ್'. ಸಾರಿನ ಕರಿಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿಯ ಕರಿ ಫ್ರೆಂಚಿನಿಂದ ಬಂದದ್ದು, ಕುದುರೆಯ ಮೈ ಉಜ್ಜುವುದು ಎಂದರ್ಥ. ಫೇವರ್ ಕೂಡ ಮೊದಲು ಫೇವರ್ ಆಗಿರಲಿಲ್ಲ, 'ಫೇವೆಲ್' ಆಗಿತ್ತು. 14ನೇ ಶತಮಾನದ ಒಂದು ಫ್ರೆಂಚ್ ಕಾವ್ಯದಲ್ಲಿ ಕಪಟದ ಗುರುತಾಗಿ ಬರುವ ಕುದುರೆ ಅದು. ಆ ಕುದುರೆಯ ಮೈ ಉಜ್ಜಿದವನು ಹೊಗಳುಭಟ್ಟ. ಕುದುರೆ ಮರೆತುಹೋದ ಮೇಲೆ ಜನ ಫೇವೆಲ್ ಅನ್ನು ಫೇವರ್ ಮಾಡಿಕೊಂಡರು. ಊಟದ ಕರಿಯಂತೂ ನಮ್ಮ ದಕ್ಷಿಣದ್ದೇ, ತಮಿಳಿನ 'ಕರಿ'. 1886ರಲ್ಲಿ ಬಂದ ಆಂಗ್ಲೋ-ಇಂಡಿಯನ್ ಪದಕೋಶ 'ಹಾಬ್ಸನ್-ಜಾಬ್ಸನ್', ಪೋರ್ಚುಗೀಸರು ಹಿಡಿದದ್ದು 'ಕರಿಲ್' ಎಂಬ ಕನ್ನಡ ರೂಪ, ಗೋವಾದಲ್ಲಿ ಅದು ಇನ್ನೂ ಬಳಕೆಯಲ್ಲಿದೆ ಎನ್ನುತ್ತದೆ. ಕನ್ನಡಿಗರು ಇದನ್ನು ಎಲ್ಲೂ ಹೇಳಿಕೊಂಡಿದ್ದು ನಾನು ಕೇಳಿಲ್ಲ, ನೋಡಿ.

ಹೆಜ್ಜೆ 3: ತಲೆ ಕತ್ತರಿಸಿ ನೋಡಿ

ಪದ ಉದ್ದವಾಗಿದ್ದರೆ, ಅದರಲ್ಲೂ ಆಫೀಸಿನ ಇಂಗ್ಲಿಷ್ ಥರ ಕಂಡರೆ, ಅದು ಲ್ಯಾಟಿನ್ ಮೂಲದ್ದಾಗಿರುವ ಸಾಧ್ಯತೆ ಜಾಸ್ತಿ. ಅಂಥ ಪದಕ್ಕೆ ಮುಂದೆ ಒಂದು ತುಣುಕು ಅಂಟಿರುತ್ತದೆ. ಸಂಸ್ಕೃತದ ಉಪಸರ್ಗ ಗೊತ್ತಿದ್ದರೆ ಇದು ಹೊಸದಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ ಎಲ್ಲ ಒಂದೇ ಹಾರದ ಮುಂದೆ ಬೇರೆ ಬೇರೆ ತಲೆ.

'ಆಡ್' ಅಂದರೆ ಕಡೆಗೆ, 'ಎಕ್ಸ್' ಅಂದರೆ ಹೊರಗೆ, 'ಪ್ರೆ' ಅಂದರೆ ಮುಂಚೆ, 'ಪ್ರೊ' ಅಂದರೆ ಮುಂದಕ್ಕೆ. ಇಷ್ಟರಲ್ಲೇ ಬಹಳ ಜೋಡಿ ಬಿಡಿಸಬಹುದು. 'ಆಕ್ಸೆಪ್ಟ್' ಅಂದರೆ ತನ್ನ ಕಡೆಗೆ ತೆಗೆದುಕೊಳ್ಳುವುದು, 'ಎಕ್ಸೆಪ್ಟ್' ಅಂದರೆ ಹೊರಗೆ ತೆಗೆಯುವುದು. ಎರಡರಲ್ಲೂ 'ತೆಗೆ' ಎಂಬ ಒಂದೇ ಧಾತು. ಕೆಲವು ಸಲ ತಲೆ ಒಂದೇ, ಮೈ ಬೇರೆ. 'ಅಡಾಪ್ಟ್' ಜೋಡಿಯಲ್ಲಿ ನಡುವೆ ಒ ಇದ್ದರೆ ಅದು 'ಆರಿಸು' ಎಂಬ ಧಾತು. ಆಪ್ಷನ್ ಪದದಲ್ಲೂ ಅದೇ ಇದೆ. ಮಗುವನ್ನು ಆರಿಸಿ ದತ್ತು ತೆಗೆದುಕೊಳ್ಳುತ್ತೇವೆ. ಎ ಇದ್ದರೆ 'ಹೊಂದು' ಎಂಬ ಧಾತು, ಊರಿಗೆ ತಕ್ಕ ಹಾಗೆ ಹೊಂದಿಕೊಳ್ಳುವುದು.

'ಪ್ರಿಸ್ಕ್ರೈಬ್' ಡಾಕ್ಟರು ಮಾಡುವ ಕೆಲಸ, ಮುಂಚೆಯೇ ಬರೆದುಕೊಡುವುದು. 'ಪ್ರೊಸ್ಕ್ರೈಬ್' ನಿಷೇಧ. ಬರೆಯುವುದು ನಿಷೇಧ ಆದದ್ದು ಹೇಗೆ? ರೋಮ್‌ನಲ್ಲಿ ಕ್ರಿ.ಪೂ. 82ರಲ್ಲಿ ಸುಲ್ಲ ಎಂಬ ಸರ್ವಾಧಿಕಾರಿ ತನ್ನ ವೈರಿಗಳ ಹೆಸರನ್ನು ಎಲ್ಲರಿಗೂ ಕಾಣುವಂತೆ ಬರೆಸಿ ಹಾಕಿದ. ಆ ಪಟ್ಟಿಯಲ್ಲಿದ್ದವರನ್ನು ಯಾರು ಬೇಕಾದರೂ ಕೊಲ್ಲಬಹುದಿತ್ತು, ಆಸ್ತಿ ಮುಟ್ಟುಗೋಲು. ಒಂದು ಅಕ್ಷರ ತಪ್ಪಿದರೆ ಔಷಧದ ಚೀಟಿ ಸಾವಿನ ಚೀಟಿಯಾಗುತ್ತದೆ.

ಒಂದು ತಲೆಯನ್ನು ಮಾತ್ರ ನಂಬಬೇಡಿ: 'ಇನ್'. ಇದಕ್ಕೆ 'ಇಲ್ಲ' ಎಂಬ ಅರ್ಥವೂ ಇದೆ, 'ಒಳಕ್ಕೆ' ಎಂಬ ಅರ್ಥವೂ ಇದೆ. ನಮ್ಮ ಹೆದ್ದಾರಿಯ ಪೆಟ್ರೋಲ್ ಟ್ಯಾಂಕರುಗಳ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಅಂತ ಬರೆದಿರುತ್ತದೆ. ಬೆಂಕಿ ಹೊತ್ತುವುದಿಲ್ಲ ಅಂದುಕೊಂಡರೆ ಮುಗಿಯಿತು. ಅಲ್ಲಿ 'ಇನ್' ಅಂದರೆ ಒಳಕ್ಕೆ, ಉರಿಯೊಳಕ್ಕೆ ಹೋಗುವಂಥದ್ದು. ನಮಗೂ ಈ ತೊಂದರೆ ಇದೆ: 'ವಿಫಲ'ದಲ್ಲಿ 'ವಿ' ಅಂದರೆ ಇಲ್ಲ, 'ವಿಶುದ್ಧ'ದಲ್ಲಿ 'ವಿ' ಅಂದರೆ ಬಹಳ. ಈ ಗೊಂದಲಕ್ಕೆ ಹೆದರಿಯೇ ಅಮೆರಿಕದ ಅಗ್ನಿ ಸುರಕ್ಷತೆಯವರು 1920ರ ದಶಕದಲ್ಲಿ ತಲೆ ತೆಗೆದು 'ಫ್ಲೇಮಬಲ್' ಎಂದೇ ಬರೆಯಿರಿ ಎಂದರು. ಇವತ್ತು ಎರಡೂ ಇವೆ, ಎರಡಕ್ಕೂ ಒಂದೇ ಅರ್ಥ.

ಹೆಜ್ಜೆ 4: ಬಾಲವನ್ನೂ ಗಮನಿಸಿ

ಇದು ಚಿಕ್ಕ ಹೆಜ್ಜೆ. 'ಪ್ರಿನ್ಸಿಪಲ್' ಜೋಡಿಯಲ್ಲಿ ಕೊನೆಗೆ ಎ-ಎಲ್ ಬಂದರೆ ಅದು ವಿಶೇಷಣದ ಬಾಲ. ನ್ಯಾಷನಲ್, ಲೋಕಲ್ ಥರ. ಅರ್ಥ 'ಮುಖ್ಯವಾದ'. ಕಾಲೇಜಿನ ಮುಖ್ಯಸ್ಥರೂ ಅವರೇ, ಸಾಲದ ಅಸಲೂ ಅದೇ. ಎಲ್-ಇ ಬಂದರೆ ತತ್ವ, ನಿಯಮ. ಇದಕ್ಕೆ 'ಪ್ರಿನ್ಸಿಪಲ್ ನಿಮ್ಮ ಪ್ಯಾಲ್, ಅಂದರೆ ಗೆಳೆಯ' ಎಂದು ಮುಖ್ಯಸ್ಥರನ್ನು ಗೆಳೆಯ ಮಾಡಿಕೊಳ್ಳುವ ಉಪಾಯ ಬೇಕಿಲ್ಲ.

ಹೆಜ್ಜೆ 5: ಬಂದ ದಾರಿ ಹಿಡಿಯಿರಿ

ತತ್ಸಮ–ತದ್ಭವ ಕೆಲಸಕ್ಕೆ ಬರುವುದು ಇಲ್ಲಿ. ಆಶ್ಚರ್ಯ ತತ್ಸಮ, ಅಚ್ಚರಿ ತದ್ಭವ. ಶ್ರೀ ತತ್ಸಮ, ಸಿರಿ ತದ್ಭವ. ಮೂಲ ಒಂದೇ ಆದರೂ ಶ್ರೀ ಮತ್ತು ಸಿರಿಯನ್ನು ಒಂದರ ಜಾಗದಲ್ಲಿ ಇನ್ನೊಂದು ಬಳಸುವುದಿಲ್ಲ. ಇಂಗ್ಲಿಷಿಗೆ ಸಂಸ್ಕೃತದ ಜಾಗದಲ್ಲಿ ಲ್ಯಾಟಿನ್ ಇದೆ. 'ಫ್ರಜೈಲ್' ಲ್ಯಾಟಿನ್ನಿನಿಂದ ನೇರ ಬಂದ ತತ್ಸಮ, 'ಫ್ರೇಲ್' ಫ್ರೆಂಚರ ಬಾಯಲ್ಲಿ ಸವೆದು ಬಂದ ತದ್ಭವ. 'ರೀಗಲ್' ತತ್ಸಮ, 'ರಾಯಲ್' ತದ್ಭವ. 'ಪೋಷನ್' ಮತ್ತು 'ಪಾಯ್ಸನ್' ಕೂಡ ಒಂದೇ: ಎರಡೂ ಕುಡಿಯುವ ವಸ್ತು. ಒಂದು ಕಷಾಯವಾಯಿತು, ಇನ್ನೊಂದು ವಿಷವಾಯಿತು.

ಫ್ರೆಂಚ್ ಕೂಡ ಒಂದೇ ಅಲ್ಲ. 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರ ಉತ್ತರದ ಫ್ರೆಂಚಿನಲ್ಲಿ 'ವ' ಇದ್ದ ಕಡೆ ಪ್ಯಾರಿಸ್ ಕಡೆಯವರು 'ಗ' ಅನ್ನುತ್ತಿದ್ದರು. ಇಂಗ್ಲಿಷ್ ಎರಡನ್ನೂ ಇಟ್ಟುಕೊಂಡಿತು. ವಾರ್ಡನ್–ಗಾರ್ಡಿಯನ್ ಹೀಗೆ ಹುಟ್ಟಿದ್ದು. ಫ್ರಿಜ್ ಕೊಳ್ಳುವಾಗ 'ಇದು ವಾರಂಟಿನಾ, ಗ್ಯಾರಂಟಿನಾ?' ಅಂತ ಅಂಗಡಿಯವರ ಜೊತೆ ವಾದ ಮಾಡುತ್ತೇವಲ್ಲ, ಆ ಎರಡೂ ಒಂದೇ ಪದ. 2023ರ ಚುನಾವಣೆಯ ನಂತರ ಗ್ಯಾರಂಟಿ ಕರ್ನಾಟಕದ ಮನೆಮಾತಾಯಿತು. ನಾರ್ಮನ್ನರ ಬಾಯಿಗೆ ಸಿಕ್ಕಿದ್ದರೆ ಅವು ಐದು ವಾರಂಟಿಗಳಾಗುತ್ತಿದ್ದವು.

ಇನ್ನೊಂದು ದಾರಿ ಉತ್ತರ ಸಮುದ್ರದಾಚೆಯದು. ಹಳೆಯ ಇಂಗ್ಲಿಷಿನಲ್ಲಿ 'ಶ' ಆದ ಧ್ವನಿ, ಅಲ್ಲಿಗೆ ಬಂದು ನೆಲೆಸಿದ ವೈಕಿಂಗರ ಭಾಷೆಯಲ್ಲಿ 'ಸ್ಕ' ಆಗಿಯೇ ಉಳಿದಿತ್ತು. ಶರ್ಟ್ ಇಂಗ್ಲಿಷರದ್ದು, ಸ್ಕರ್ಟ್ ವೈಕಿಂಗರದ್ದು, ಮೂಲದಲ್ಲಿ ಒಂದೇ ಬಟ್ಟೆ. ಸ್ಕೈ, ಸ್ಕಿನ್ ಕೂಡ ಆ ಕಡೆಯವೇ. ನಮ್ಮಲ್ಲಿ ಪಾಲು ಹಾಲಾಗಿ, ಪೂ ಹೂವಾಗಿ, ಪಕ್ಕಿ ಹಕ್ಕಿಯಾಯಿತಲ್ಲ, ಅದೇ ಥರದ ಬದಲಾವಣೆ. ತಮಿಳರು 'ಪ' ಉಳಿಸಿಕೊಂಡರು.

ಫ್ರೆಂಚ್ ಪದ ಯಾವಾಗ ಬಂತು ಎಂದು ತಿಳಿಯಲು ಸಿ-ಎಚ್ ಅನ್ನು ಕಿವಿಗೊಟ್ಟು ಕೇಳಿ. 'ಚ' ಎಂದರೆ ಹಳಬ, 'ಶ' ಎಂದರೆ ಹೊಸಬ. 'ಚೀಫ್' 13ನೇ ಶತಮಾನದ ಹೊತ್ತಿಗೇ ಬಂದಿತ್ತು. ಅದೇ ಪದ 19ನೇ ಶತಮಾನದಲ್ಲಿ ಮತ್ತೆ 'ಶೆಫ್' ಆಗಿ ಅಡುಗೆಮನೆಗೆ ಬಂತು. ಎರಡಕ್ಕೂ ಮೂಲ 'ತಲೆ' ಎಂಬ ಲ್ಯಾಟಿನ್ ಪದ. ನಾವು 'ಯಜಮಾನ' ಅನ್ನುವಲ್ಲಿ ಅವರು 'ತಲೆ' ಅಂದರು.

ಹೆಜ್ಜೆ 6: ಈಗ ನಿಘಂಟು ತೆಗೆಯಿರಿ

ಮೊದಲೇ ತೆಗೆದರೆ ಮಜಾ ಇರುವುದಿಲ್ಲ. ನಿಮ್ಮ ಊಹೆ ಬರೆದಿಟ್ಟುಕೊಂಡು ಆಮೇಲೆ ನೋಡಿ. ಉಚಿತವಾಗಿ ಸಿಗುವುದರಲ್ಲಿ ಡಗ್ಲಸ್ ಹಾರ್ಪರ್ ಕಟ್ಟಿದ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಶುರುಮಾಡಲು ಒಳ್ಳೆಯದು. ಆಳಕ್ಕೆ ಇಳಿಯಬೇಕಾದರೆ ಆಕ್ಸ್‌ಫರ್ಡ್ ಮಹಾಕೋಶ. ಅದರ ಮೊದಲ ಕಂತು 1884ರಲ್ಲಿ ಬಂದು, ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ.

ಮೂಲದ ಸಾಲಿನಲ್ಲಿ ಪುಟ್ಟ ಗುರುತುಗಳಿರುತ್ತವೆ. ಓ-ಇ ಅಂದರೆ ಹಳೆಯ ಇಂಗ್ಲಿಷ್, ಸುಮಾರು 1150ರವರೆಗೆ. ಎಂ-ಇ ಅಂದರೆ ನಡುಗಾಲದ್ದು, ಸುಮಾರು 1500ರವರೆಗೆ. ಓ-ಎಫ್ ಹಳೆಯ ಫ್ರೆಂಚ್, ಓ-ಎನ್ ವೈಕಿಂಗರ ಹಳೆಯ ನಾರ್ಸ್, ಎಲ್ ಲ್ಯಾಟಿನ್. ಪದದ ಮುಂದೆ ನಕ್ಷತ್ರ ಇದ್ದರೆ ಅದನ್ನು ಯಾರೂ ಎಲ್ಲೂ ಬರೆದದ್ದು ಸಿಕ್ಕಿಲ್ಲ, ವಿದ್ವಾಂಸರು ಲೆಕ್ಕ ಹಾಕಿ ಕಟ್ಟಿದ ರೂಪ ಎಂದರ್ಥ. ನಕ್ಷತ್ರ ಕಂಡರೆ ಸ್ವಲ್ಪ ನಿಧಾನಿಸಿ. ಮೊದಲು ಬಳಕೆಯಾದ ವರ್ಷವನ್ನು ಮಾತ್ರ ತಪ್ಪದೆ ನೋಡಿ, ಮುಂದಿನ ಹೆಜ್ಜೆಗೆ ಅದು ಬೇಕು.

ಹೆಜ್ಜೆ 7: ಕಟ್ಟುಕತೆ ಜರಡಿ ಹಿಡಿಯಿರಿ

ವಾಟ್ಸಾಪ್‌ನಲ್ಲಿ ಬರುವ ಪದಗಳ ಮೂಲದ ಕತೆಗಳಲ್ಲಿ ಸುಮಾರು ಸುಳ್ಳೇ. 'ಹಿಸ್ಟರಿ' ಅಂದರೆ ಅವನ ಕತೆ ಅಲ್ಲ, ಗ್ರೀಕಿನಲ್ಲಿ ವಿಚಾರಿಸಿ ತಿಳಿಯುವುದು. 'ಹ್ಯಾಂಬರ್ಗರ್'ನಲ್ಲಿ ಹಂದಿ ಮಾಂಸದ ಹ್ಯಾಮ್ ಇಲ್ಲ, ಹ್ಯಾಂಬರ್ಗ್ ಊರಿದೆ. 'ಔಟ್‌ರೇಜ್' ಪದದಲ್ಲಿ ಔಟ್ ಇಲ್ಲ, ರೇಜ್ ಕೂಡ ಇಲ್ಲ. ಲ್ಯಾಟಿನ್ನಿನ 'ಅಲ್ಟ್ರ' ಫ್ರೆಂಚಿನಲ್ಲಿ 'ಊತ್ರ್' ಆಗಿ, ಅದಕ್ಕೊಂದು ಬಾಲ ಸೇರಿ, ಮಿತಿ ಮೀರುವುದು ಎಂಬ ಅರ್ಥ ಬಂತು.

ನಾಲ್ಕು ದಿಕ್ಕಿನ ಮೊದಲಕ್ಷರ ಸೇರಿ 'ನ್ಯೂಸ್' ಆಯಿತಂತೆ. ಸುಳ್ಳು, ಅದು 'ಹೊಸವು' ಅಷ್ಟೇ. ಹಡಗಿನಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಎಡಗಡೆ, ವಾಪಸ್ ಹೋಗುವಾಗ ಬಲಗಡೆ ನೆರಳಿನ ಕೋಣೆ ಹಿಡಿದ ಸಾಹೇಬರ 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬ ಮಾತಿನ ಮೊದಲಕ್ಷರಗಳಿಂದ, ಶ್ರೀಮಂತ ಠೀವಿಗೆ ಹೇಳುವ 'ಪಾಶ್' ಹುಟ್ಟಿತು ಎಂಬ ಕತೆ ಕೇಳೋಕೆ ಚೆಂದ. ಆದರೆ ಅಂಥ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ಮೊದಲಕ್ಷರ ಜೋಡಿಸಿ ಪದ ಮಾಡುವ ಚಟ ಜೋರಾದದ್ದು 20ನೇ ಶತಮಾನದಲ್ಲಿ, ರೇಡಾರ್, ಲೇಸರ್ ಕಾಲದಲ್ಲಿ. ಅದಕ್ಕಿಂತ ಹಳೆಯ ಪದಕ್ಕೆ ಇಂಥ ಕತೆ ಹೇಳಿದರೆ ನಂಬುವ ಮೊದಲು ವರ್ಷ ನೋಡಿ.

ಹೆಜ್ಜೆ 8: ಒಂದು ಜೋಡಿಯನ್ನು ಪೂರ್ತಿ ಮಾಡೋಣ

ಗ್ರಾಮರ್, ಗ್ಲಾಮರ್. ಬಿಡಿಸಿ ಬರೆದರೆ ಮುಖ್ಯವಾಗಿ ಕಾಣುವ ವ್ಯತ್ಯಾಸ ಎರಡನೇ ಅಕ್ಷರದ್ದು, ಆರ್ ಮತ್ತು ಎಲ್. ಯಾವ ಗುಂಪು? ನಾನು ಅಪರಿಚಿತರು ಅಂತ ಬರೆದಿದ್ದೆ. ವ್ಯಾಕರಣಕ್ಕೂ ಸಿನಿಮಾ ನಟಿಗೂ ಏನು ನೆಂಟಸ್ತನ?

ತಲೆ ಕತ್ತರಿಸಲು ಏನೂ ಇಲ್ಲ. ದಾರಿ ನೋಡಿದರೆ ಗ್ರಾಮರ್ ಗ್ರೀಕಿನ 'ಅಕ್ಷರ'ದಿಂದ ಹೊರಟು, ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ ಬಂದಿದೆ. ನಿಘಂಟಿನಲ್ಲಿ ಗ್ಲಾಮರ್‌ಗೆ ಸಿಗುವ ಮೊದಲ ವರ್ಷ 1720ರ ಸುಮಾರು, ಊರು ಸ್ಕಾಟ್ಲೆಂಡ್, ಅರ್ಥ ಮಾಟ. ಅದರ ಮೂಲ ಅಂತ ಕೊಟ್ಟಿರುವುದು ಗ್ರಾಮರ್! ಓದು ಬಾರದ ಜನರ ನಡುವೆ ಲ್ಯಾಟಿನ್ ಪುಸ್ತಕ ಓದುವವನು ಮಂತ್ರವಾದಿಯಂತೆಯೇ ಕಂಡ. ಗ್ರಾಮರ್ ಓದಿದವನಿಗೆ ಮಾಟ ಬರುತ್ತದೆ ಎಂದು ನಂಬಿದರು. ಸ್ಕಾಟರ ಬಾಯಲ್ಲಿ ಆರ್ ಹೋಗಿ ಎಲ್ ಬಂತು. ಕಣ್ಣಿಗೆ ಗ್ಲಾಮರ್ ಹಾಕುವುದೆಂದರೆ ಕಣ್ಕಟ್ಟು ಮಾಡುವುದು. 19ನೇ ಶತಮಾನದಲ್ಲಿ ವಾಲ್ಟರ್ ಸ್ಕಾಟ್ ಆ ಪದವನ್ನು ಇಂಗ್ಲೆಂಡಿನ ಓದುಗರಿಗೆ ಮುಟ್ಟಿಸಿದ. ಕಣ್ಕಟ್ಟು ಮೆಲ್ಲಗೆ ಕಣ್ಸೆಳೆತವಾಯಿತು.

ನನ್ನ ನೋಟ್‌ಬುಕ್ಕಿನಲ್ಲಿ 'ಅಪರಿಚಿತರು' ಎಂಬುದನ್ನು ಹೊಡೆದುಹಾಕಿ 'ಅಣ್ಣತಮ್ಮ' ಎಂದು ಬರೆದೆ. ಪಕ್ಕದಲ್ಲಿ ಕನ್ನಡದ ಒಂದು ಜೋಡಿ ಹಾಕಬೇಕು ಎಂದು ಜಾಗ ಬಿಟ್ಟಿದ್ದೇನೆ. ವ್ಯಾಕರಣದಿಂದ ಹುಟ್ಟಿದ ಮಾಟದ ಪದ ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ.